ಓದುಗರ ಪ್ರಶ್ನೆ: ಮಕ್ಕಳ ವಾರ್ಡಿನಲ್ಲಿ ಕೀಮೋ, ನರ್ಸ್‌ಗಳ ತರಬೇತಿ

ಪ್ರಶ್ನೆ: ಮಕ್ಕಳ ಕ್ಯಾನ್ಸರ್ ವಾರ್ಡಿಗೆ ಹೊಸದಾಗಿ ಬಂದ ನರ್ಸ್‌ಗಳಿಗೆ ಎರಡು ದಿನ ಪಾಠ ಮಾಡಿ, ಪರೀಕ್ಷೆ ಬರೆಸಿ, ಕೀಮೋ ಕೊಡಲು ಬಿಡುತ್ತೇವೆ. ಇಷ್ಟು ಸಾಕೇ?

ಉತ್ತರ: ಸಾಲದು. ಪಾಠ ಕೇಳಿದರೆ ಔಷಧಗಳ ಹೆಸರು ಬಾಯಿಗೆ ಬರುತ್ತದೆ, ತಪ್ಪು ನಡೆಯುವುದು ಲೆಕ್ಕದಲ್ಲಿ ಮತ್ತು ಕೈಯಲ್ಲಿ.

ಮೊದಲು ಲೆಕ್ಕ ಮಾಡಿಸಿ. ಮಗುವಿನ ಎತ್ತರ 110 ಸೆಂ.ಮೀ., ತೂಕ 18 ಕೆ.ಜಿ. ಎನ್ನಿ. ಎರಡನ್ನೂ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ದೇಹದ ಮೇಲ್ಮೈ ವಿಸ್ತೀರ್ಣ 0.74 ಚದರ ಮೀಟರ್. ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧ ಚದರ ಮೀಟರಿಗೆ 1.5 ಮಿ.ಗ್ರಾಂ ಎಂದು ಬರೆದಿದ್ದರೆ ಡೋಸ್ 1.1 ಮಿ.ಗ್ರಾಂ. ದೊಡ್ಡ ಮಕ್ಕಳಿಗೂ ಸಾಮಾನ್ಯವಾಗಿ ಒಂದು ಸಲಕ್ಕೆ 2 ಮಿ.ಗ್ರಾಂ ದಾಟಿಸುವುದಿಲ್ಲ. ಹೋದ ಸಲದ ತೂಕವನ್ನೇ ನಕಲು ಮಾಡುವುದು, ದಶಮಾಂಶದ ಚುಕ್ಕೆ ಜಾರುವುದು, ಇವೆರಡನ್ನೂ ಬೇಕೆಂದೇ ಅಭ್ಯಾಸದ ಚೀಟಿಯಲ್ಲಿ ಸೇರಿಸಿ, ಯಾರು ಹಿಡಿಯುತ್ತಾರೆ ನೋಡಿ.

ಎರಡನೆಯ ನರ್ಸ್ ಮೊದಲಿನವರ ಉತ್ತರ ನೋಡದೆ ತಾವೇ ಲೆಕ್ಕ ಹಾಕಬೇಕು. "ಒಂದು ಪಾಯಿಂಟ್ ಒಂದು ಬಂತು, ಸರಿ ಅಲ್ವಾ?" ಎಂದು ಕೇಳಿ "ಹೂಂ" ಅನ್ನಿಸಿಕೊಂಡರೆ ಅದು ತಪಾಸಣೆಯಲ್ಲ, ಸಹಿ ಸಂಗ್ರಹ.

ವಿನ್‌ಕ್ರಿಸ್ಟಿನ್ ರಕ್ತನಾಳಕ್ಕೆ ಮಾತ್ರ. ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಮಗು ಉಳಿಯುವುದೇ ಅಪರೂಪ. ಬೆನ್ನಿಗೆ ಕೊಡುವ ಮೆಥೊಟ್ರೆಕ್ಸೇಟ್ ಕೂಡ ಸಿರಿಂಜಿನಲ್ಲೇ ಬರುವುದರಿಂದ ಅದಲುಬದಲಾಗುವ ಅಪಾಯವಿದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವಿನ್‌ಕ್ರಿಸ್ಟಿನ್ ಅನ್ನು ಸಿರಿಂಜಿನ ಬದಲು ಸಣ್ಣ ಸಲೈನ್ ಚೀಲದಲ್ಲಿ ತಯಾರಿಸಲು ಹೇಳುತ್ತದೆ. ಚೀಲವನ್ನು ಯಾರೂ ಬೆನ್ನಿನ ಸೂಜಿಗೆ ಜೋಡಿಸಹೋಗುವುದಿಲ್ಲ. ಬೆನ್ನಿನ ಔಷಧ ಬೇರೆ ಕೋಣೆಯಲ್ಲಿ, ಬೇರೆ ವೇಳೆಯಲ್ಲಿ ಇರಲಿ.

ಕೈಗೆಲಸಕ್ಕೆ ಬಣ್ಣದ ನೀರು ತುಂಬಿದ ಚೀಲ, ಕೆಳಗೆ ಬಿಳಿ ಬಟ್ಟೆ ಸಾಕು. ಡ್ರಿಪ್ ಸೆಟ್ ಚುಚ್ಚುವಾಗ, ಬಿಚ್ಚುವಾಗ ಎಲ್ಲಿ ಹನಿ ಬಿತ್ತೆಂದು ಕಲೆಯೇ ತೋರಿಸುತ್ತದೆ. ನಳಿಕೆಯ ಗಾಳಿ ಹೊರಹಾಕಲು ಬರೀ ಸಲೈನ್ ಬಳಸಿ, ಔಷಧವನ್ನಲ್ಲ. ಆಮೇಲೆ ಅನುಭವಿಗಳ ಎದುರು ಕೊಡಲಿ, ವರ್ಷಕ್ಕೊಮ್ಮೆ ಮರುಪರೀಕ್ಷೆಯಾಗಲಿ.

ಪ್ರಶ್ನೆ: ಡ್ರಿಪ್ ಹಾಕಿದ ಕೈ ಊದಿದರೆ ಐಸ್ ಇಡಬಹುದೇ?

ಉತ್ತರ: ರಕ್ತನಾಳದಿಂದ ಹೊರಗೆ ಸೋರಿದ್ದು ಯಾವ ಔಷಧ ಎಂಬುದರ ಮೇಲಿದೆ. ಡಾಕ್ಸೊರುಬಿಸಿನ್, ಡೌನೊರುಬಿಸಿನ್‌ಗೆ ತಂಪು. ವಿನ್‌ಕ್ರಿಸ್ಟಿನ್‌ಗೆ ಒಣ ಬಿಸಿ, ಐಸ್ ಇಟ್ಟರೆ ಗಾಯ ಹೆಚ್ಚುತ್ತದೆ. ಅದಕ್ಕೂ ಮೊದಲು ಔಷಧ ನಿಲ್ಲಿಸಿ, ನಳಿಕೆ ಬಿಚ್ಚಿ. ಕ್ಯಾನುಲಾ (ರಕ್ತನಾಳದೊಳಗಿನ ಸಣ್ಣ ಕೊಳವೆ) ಕೀಳಬೇಡಿ, ಅದರ ಮೂಲಕವೇ ಸಿರಿಂಜಿನಿಂದ ಸಾಧ್ಯವಾದಷ್ಟು ಹಿಂದಕ್ಕೆ ಎಳೆಯಿರಿ. ಸಲೈನ್ ತಳ್ಳಬೇಡಿ, ಊತ ಒತ್ತಬೇಡಿ. ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ವೈದ್ಯರನ್ನು ಕರೆಯಿರಿ. ಕೂಸಿಗೆ "ಉರಿ" ಎನ್ನಲು ಬಾರದು, ಬರೀ ಅಳುತ್ತದೆ. ಹಾಗಾಗಿ ಕ್ಯಾನುಲಾ ಮೇಲೆ ದಪ್ಪ ಬ್ಯಾಂಡೇಜ್ ಸುತ್ತದೆ ಪಾರದರ್ಶಕ ಅಂಟುಪಟ್ಟಿ ಹಾಕಿ. ಹಿಂದಕ್ಕೆ ಎಳೆದಾಗ ರಕ್ತ ಬರದಿದ್ದರೆ ಔಷಧ ಶುರು ಮಾಡಲೇಬೇಡಿ.

ಪ್ರಶ್ನೆ: ಡೈಪರ್ ಬದಲಿಸುವ ತಾಯಿಗೂ ಗ್ಲೌಸ್ ಬೇಕೇ?

ಉತ್ತರ: ಬೇಕು, ಮಗುವಿನ ಮೂತ್ರ, ಮಲದಲ್ಲಿ ಔಷಧದ ಅಂಶ ಇರುವುದರಿಂದ, ಕೀಮೋ ಮುಗಿದ ಮೇಲೆ ಕನಿಷ್ಠ 48 ಗಂಟೆ. ವಾಂತಿಯಾದ ಬಟ್ಟೆಗೂ ಇದೇ ನಿಯಮ. ತಾಯಿ ಗರ್ಭಿಣಿಯಾಗಿದ್ದರೆ ಈ ಕೆಲಸ ಬೇರೆಯವರು ಮಾಡಲಿ.