ಬರ್ಮಾ ತೊಗರಿ ಹೊತ್ತ ಬೆನ್ನು

ಪ್ರಶ್ನೆ: ನಾನು ಕಲಬುರಗಿಯ ಬೇಳೆ ಮಿಲ್ ಹಮಾಲ. ನಮ್ಮ ಸಂಘದ ಶಾಖೆ ಮ್ಯಾನ್ಮಾರ್ ಕಾರ್ಮಿಕರ ಪರ ಸಹಿ ಸಂಗ್ರಹಿಸುತ್ತಿದೆ. ನಮ್ಮ ಹಮಾಲಿ ದರವೇ ಏರಿಲ್ಲ, ಅವರದು ನಮಗ್ಯಾಕೆ ಅಂತ ಗೆಳೆಯರು ಕೇಳುತ್ತಾರೆ. ಏನು ಹೇಳಲಿ?

ಉತ್ತರ: ತಮ್ಮಾ, ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಇಪ್ಪತ್ತೆಂಟು ವರ್ಷ ಚೀಲ ಹೊತ್ತವನು ನಾನು. ಗೆಳೆಯರ ಸಿಟ್ಟು ನನಗೆ ಗೊತ್ತು. ಆದರೆ ಬರ್ಮಾ, ಅಂದರೆ ಇದೇ ಮ್ಯಾನ್ಮಾರ್, ತೊಗರಿ ಬಂದಾಗ ನೀವೇ ಇಳಿಸುತ್ತೀರಿ ಅಲ್ವಾ? ಅಲ್ಲಿ ಅದನ್ನು ಏರಿಸಿದ್ದೂ ನಮ್ಮಂಥದೇ ಒಂದು ಬೆನ್ನು.

2021ರ ಫೆಬ್ರುವರಿ 1ರಂದು ಅಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಕಾರ್ಮಿಕರು ಕೆಲಸ ನಿಲ್ಲಿಸಿ ಬೀದಿಗಿಳಿದರು. ಸೇನೆಯವರು ಹಲವು ಸಂಘಗಳನ್ನು ಕಾನೂನುಬಾಹಿರ ಎಂದರು, ಮುಖಂಡರನ್ನು ಜೈಲಿಗೆ ಹಾಕಿದರು. ಸಂಘವೇ ಇಲ್ಲದಿದ್ದರೆ ಕೂಲಿ ಜಾಸ್ತಿ ಕೇಳುವವರು ಯಾರು?

ಸಹಿ ಸುಮ್ನೆ ಕಾಗದವಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2022ರಲ್ಲಿ ತನಿಖಾ ಆಯೋಗ ನೇಮಿಸಿತು. 2025ರ ಜೂನ್‌ನಲ್ಲಿ ತನ್ನ ಸಂವಿಧಾನದ 33ನೇ ವಿಧಿ ಬಳಸಿತು; ಆಯೋಗದ ಮಾತು ಕೇಳದ ದೇಶದ ಮೇಲೆ ಕ್ರಮಕ್ಕೆ ಇರುವ ವಿಧಿ ಅದು. 1919ರಲ್ಲಿ ಹುಟ್ಟಿದ ಸಂಸ್ಥೆ ಈ ಅಸ್ತ್ರ ಎತ್ತಿದ್ದು ಅದು ಮೂರನೇ ಸಲ. ಮ್ಯಾನ್ಮಾರ್ ಜೊತೆಗಿನ ನಂಟನ್ನು ಸರ್ಕಾರಗಳೂ ಮಾಲೀಕರೂ ಸಂಘಗಳೂ ಮತ್ತೆ ನೋಡಬೇಕು ಅಂತ ಅದರ ಅರ್ಥ. ಭಾರತವೂ ಆ ಸಂಸ್ಥೆಯ ಸದಸ್ಯ. ಹಾಗಾಗಿ ನಿಮ್ಮ ಮನವಿ ದೆಹಲಿಯ ಕಾರ್ಮಿಕ ಸಚಿವಾಲಯಕ್ಕೆ ಹೋಗಲಿ.

ತೊಗರಿ ಬಹಿಷ್ಕಾರ ಅಂತ ಮಾತ್ರ ಅವಸರದಲ್ಲಿ ಕೂಗಬೇಡಿ. ಬೆಳೆದ ಬಡ ರೈತನಿಗೇ ಪೆಟ್ಟು ಬೀಳಬಹುದು. ಅಲ್ಲಿನ ಸಂಘದವರು ಏನು ಬೇಕು ಅಂತಾರೋ ಅದನ್ನು ಮೊದಲು ಕೇಳಿ.

ನಾವೊಮ್ಮೆ ಹದಿನೇಳು ದಿನ ಕೆಲಸ ನಿಲ್ಲಿಸಿದ್ದೆವು. ಲಾತೂರಿನ ಹಮಾಲರು ಎರಡು ಚೀಲ ಜೋಳ ಕಳಿಸಿದ್ದರು. ನಮ್ಮ ಭಾಷೆಯೂ ಅವರಿಗೆ ಬರುತ್ತಿರಲಿಲ್ಲ. ಇದನ್ನು ಗೆಳೆಯರಿಗೆ ಹೇಳಿ. ಮುಂದಿನ ಸಭೆಯಲ್ಲಿ ಹಮಾಲಿ ದರದ ಠರಾವು ಮೊದಲು ಇಡಿ, ಅದರ ಬೆನ್ನಿಗೇ ಈ ಸಹಿಯ ವಿಷಯವನ್ನೂ ಇಡಿ.