ಓದುಗರ ಪ್ರಶ್ನೆ, ನಮ್ಮ ಉತ್ತರ: ದಸರಾ ಓಟಕ್ಕೆ ಹೆಸರು ಕೊಡುವ ಮುನ್ನ

ಮೈಸೂರಿನ ಓಟಗಾರರ ಬಳಗವೊಂದು ನವರಾತ್ರಿಯ ಭಾನುವಾರ ಬೆಳಿಗ್ಗೆ 5 ಮತ್ತು 10 ಕಿಲೋಮೀಟರಿನ ಓಟ ಏರ್ಪಡಿಸಿದೆ. ಅದರಿಂದ ಉಳಿಯುವ ಹಣದಲ್ಲಿ ಸರ್ಕಾರಿ ಶಾಲೆಯೊಂದರ ಶೌಚಾಲಯವನ್ನು ದುರಸ್ತಿ ಮಾಡಿಸುವುದು ಅವರ ಉದ್ದೇಶ. ಈ ಸುದ್ದಿ ಕಳೆದ ಸಂಚಿಕೆಯಲ್ಲಿ ಬಂದ ಮೇಲೆ ನಮಗೆ ತಲುಪಿದ ಪತ್ರಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇನೆ. ನಾನು ವೈದ್ಯೆಯೂ ಅಲ್ಲ, ಲೆಕ್ಕಪರಿಶೋಧಕಿಯೂ ಅಲ್ಲ. ಹದಿನಾರು ವರ್ಷಗಳಿಂದ ಓಡುತ್ತಿರುವವಳು, ಇಂಥ ಓಟಗಳಲ್ಲಿ ಓಡಿದ್ದಕ್ಕಿಂತ ಹೆಚ್ಚು ಸಲ ನೀರಿನ ಲೋಟ ಹಿಡಿದು ರಸ್ತೆಬದಿಯಲ್ಲಿ ನಿಂತವಳು.

ಪ್ರಶ್ನೆ: ನನಗೆ 51 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ದಿನವೂ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯನ್ನು ಒಂದು ಸುತ್ತು ನಡೆಯುತ್ತೇನೆ, ಓಡಿ ಅಭ್ಯಾಸವಿಲ್ಲ. ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತೇನೆ. ಓಟಕ್ಕೆ ಇನ್ನು ಎಂಟು ವಾರಗಳಿವೆ. 10 ಕಿ.ಮೀ.ಗೆ ಹೆಸರು ಕೊಡಬಹುದೇ? ಎಲ್ಲರಿಗಿಂತ ಕೊನೆಗೆ ಬಂದರೆ ನನ್ನ ವಿದ್ಯಾರ್ಥಿಗಳು ನಗುವರೆಂಬ ಅಳುಕೂ ಇದೆ. — ಶಿಕ್ಷಕಿ, ಸರಸ್ವತಿಪುರಂ

ಉತ್ತರ: 5 ಕಿ.ಮೀ.ಗೆ ಕೊಡಿ. ನೀವು ದಿನವೂ ನಡೆಯುವ ಕೆರೆಯ ಸುತ್ತು ಹೆಚ್ಚುಕಡಿಮೆ ಅಷ್ಟೇ ದೂರದ್ದು, ಆದ್ದರಿಂದ ದೂರ ನಿಮಗೆ ಹೊಸದಲ್ಲ, ವೇಗ ಮಾತ್ರ ಹೊಸದು. ಹತ್ತು ಕಿಲೋಮೀಟರಿಗೆ ಹೆಸರು ಕೊಟ್ಟರೆ ಎಂಟೇ ವಾರಗಳಲ್ಲಿ ದೂರವನ್ನೂ ವೇಗವನ್ನೂ ಒಟ್ಟಿಗೆ ಹೆಚ್ಚಿಸಬೇಕಾಗುತ್ತದೆ. ಮೊಣಕಾಲು, ಹಿಮ್ಮಡಿಗಳು ಮುನಿಸಿಕೊಳ್ಳುವುದು ಸಾಮಾನ್ಯವಾಗಿ ಅಲ್ಲಿಯೇ.

ಮೈಸೂರಿನವರಾದ ನಿಮಗೆ ತಾಲೀಮಿನ ಪಾಠವನ್ನು ನಾನು ಹೇಳಬೇಕಿಲ್ಲ. ಜಂಬೂಸವಾರಿಯ ಆನೆಗಳನ್ನು ನೋಡಿ. ಕಾಡಿನ ಶಿಬಿರದಿಂದ ಬಂದ ಆನೆಯ ಬೆನ್ನಿಗೆ ಮೊದಲ ದಿನವೇ ಯಾರೂ 750 ಕಿಲೋ ತೂಕದ ಅಂಬಾರಿ ಕಟ್ಟುವುದಿಲ್ಲ. ಮೊದಮೊದಲು ಬರಿ ಬೆನ್ನಿನಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿ.ಮೀ. ನಡೆಸುತ್ತಾರೆ, ಆಮೇಲೆ ಮರಳಿನ ಮೂಟೆ ಹೊರಿಸಿ ಭಾರವನ್ನು ಹಂತಹಂತವಾಗಿ ಏರಿಸುತ್ತಾರೆ, ಮರದ ಅಂಬಾರಿಯ ಸರದಿ ಬರುವುದು ಇದೆಲ್ಲ ಆದ ಮೇಲೆ. ನೀವೂ ಹಾಗೆಯೇ ಮಾಡಿ. ಮೊದಲ ಎರಡು ವಾರ, ವಾರಕ್ಕೆ ಮೂರು ದಿನ, ನಡಿಗೆಯ ನಡುವೆ ಒಂದು ನಿಮಿಷ ನಿಧಾನವಾಗಿ ಓಡಿ, ಎರಡು ನಿಮಿಷ ನಡೆದು, ಹೀಗೆ ಏಳೆಂಟು ಸಲ ಮಾಡಿ. ಮುಂದಿನ ಎರಡು ವಾರ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಆರನೆಯ ವಾರ ಮುಗಿಯುವ ಹೊತ್ತಿಗೆ ಮೂರು ನಿಮಿಷ ಓಡಿ ಒಂದು ನಿಮಿಷ ನಡೆಯುವಂತಾದರೆ ಸಾಕು. ಓಟದ ದಿನವೂ ಅದನ್ನೇ ಮಾಡಿ. ನಡುವೆ ನಡೆದರೆ ಅದು ಓಟವಲ್ಲ ಎಂದು ಯಾವ ನಿಯಮದಲ್ಲೂ ಬರೆದಿಲ್ಲ. ಕೊನೆಯ ವಾರ ಅಭ್ಯಾಸವನ್ನು ಅರ್ಧಕ್ಕೆ ಇಳಿಸಿ. ಕಳೆದುಕೊಂಡ ದಿನಗಳನ್ನು ಕೊನೆಯ ವಾರದಲ್ಲಿ ತುಂಬಿಕೊಳ್ಳಲು ಹೋಗುವವರನ್ನು ಪ್ರತಿ ವರ್ಷ ಕಾಣುತ್ತೇನೆ. ಪರೀಕ್ಷೆಯ ಹಿಂದಿನ ರಾತ್ರಿ ಓದುವ ಮಕ್ಕಳಿಗೆ ನೀವು ಏನು ಹೇಳುತ್ತೀರೋ ಅದೇ ಅವರಿಗೂ ಅನ್ವಯಿಸುತ್ತದೆ.

ಅಭ್ಯಾಸ ಶುರುಮಾಡುವ ಮೊದಲು ನಿಮ್ಮ ವೈದ್ಯರನ್ನು ಕಂಡು, ಓಡಬೇಕೆಂದಿದ್ದೇನೆ ಎಂದು ಬಿಡಿಸಿ ಹೇಳಿ. ರಕ್ತದೊತ್ತಡದ ಮಾತ್ರೆಗಳಲ್ಲಿ ಬೀಟಾ ಬ್ಲಾಕರ್ ಎಂಬ ಗುಂಪಿನವು ನಾಡಿಬಡಿತವನ್ನೇ ತಗ್ಗಿಸುವುದರಿಂದ, ಅವನ್ನು ನುಂಗುವವರು ಕೈಗಡಿಯಾರ ತೋರಿಸುವ ಬಡಿತದ ಅಂಕಿಯನ್ನು ನೆಚ್ಚಿಕೊಂಡು ಓಡಬಾರದು. ಅದಕ್ಕಿಂತ ಸರಳವಾದ ಅಳತೆಯೊಂದಿದೆ: ಓಡುತ್ತ ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಆಡಲು ಆಗುತ್ತಿದ್ದರೆ ವೇಗ ಸರಿಯಿದೆ, ಎರಡು ಪದಕ್ಕೇ ಉಸಿರು ಕಟ್ಟಿದರೆ ನಿಧಾನಿಸಿ. ಎದೆಯಲ್ಲಿ ಬಿಗಿತ, ದವಡೆಗೋ ತೋಳಿಗೋ ಹರಿಯುವ ನೋವು, ತಲೆಸುತ್ತು, ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಯೇ ನಿಂತು ಸ್ವಯಂಸೇವಕರನ್ನು ಕರೆಯಿರಿ. ಅಲ್ಲಿ ಸಂಕೋಚಕ್ಕೆ ಜಾಗವಿಲ್ಲ.

ಇನ್ನು ಕೊನೆಗೆ ಬರುವ ಮಾತು. ಇಂಥ ಓಟಗಳಲ್ಲಿ ಎಲ್ಲರ ಹಿಂದೆ ಸ್ವಯಂಸೇವಕರೊಬ್ಬರು ಬೇಕೆಂದೇ ನಿಧಾನವಾಗಿ ಬರುತ್ತಾರೆ, ಅವರನ್ನು ಸ್ವೀಪರ್ ಎನ್ನುತ್ತೇವೆ. ಅಂದಮೇಲೆ ಕೊನೆಯ ಸ್ಥಾನ ನಿಮಗಿಂತ ಮುಂಚೆಯೇ ಭರ್ತಿಯಾಗಿದೆ. ಕ್ಯಾನ್ಸರಿನಿಂದ ಒಂದು ಕಾಲು ಕಳೆದುಕೊಂಡಿದ್ದ ಕೆನಡಾದ ಯುವಕ ಟೆರ್ರಿ ಫಾಕ್ಸ್ 1980ರಲ್ಲಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಕೃತಕ ಕಾಲಿನಲ್ಲಿ 143 ದಿನ ಓಡಿ 5,373 ಕಿ.ಮೀ. ಕ್ರಮಿಸಿದ್ದರು. ಅವರ ನೆನಪಿನಲ್ಲಿ 1981ರಿಂದ ನಡೆದುಬಂದ ಓಟದಲ್ಲಿ ಗೆದ್ದವರಿಲ್ಲ, ಬಹುಮಾನವಿಲ್ಲ, ಸ್ಪರ್ಧೆಯೇ ಇಲ್ಲ. ದೇಣಿಗೆಯ ಓಟವೆಂದರೆ ನನ್ನ ಮಟ್ಟಿಗೆ ಅದೇ ಮಾದರಿ. ಮಕ್ಕಳು ನಗುವರೆಂಬ ಅಳುಕಿದ್ದರೆ ನೀವೇ ಮುಂದಾಗಿ ಅವರಿಗೊಂದು ಲೆಕ್ಕ ಕೊಡಿ: ಟೀಚರ್ ಓಡುವ ಪ್ರತಿ ಕಿಲೋಮೀಟರಿಗೆ ತರಗತಿಯ ಪ್ರತಿಯೊಬ್ಬರ ಮನೆಯವರು ಹತ್ತು ರೂಪಾಯಿ ಕೊಟ್ಟರೆ ಶಾಲೆಗೆ ಎಷ್ಟಾಯಿತು?

ಪ್ರಶ್ನೆ: ನವರಾತ್ರಿಯ ಒಂಬತ್ತು ದಿನವೂ ನಾನು ಒಪ್ಪೊತ್ತು ಊಟ ಮಾಡುತ್ತೇನೆ. ಓಟ ಆ ನಡುವೆಯೇ ಬರುತ್ತದೆ. ವ್ರತ ಬಿಡದೆ ಓಡಬಹುದೇ? — ಗೃಹಿಣಿ, ನಂಜನಗೂಡು

ಉತ್ತರ: ನೀವು ಸಕ್ಕರೆ ಕಾಯಿಲೆಯ ಪ್ರಸ್ತಾಪ ಮಾಡಿಲ್ಲ, ಅದಿದ್ದು ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಾಗಿದ್ದರೆ ಉಪವಾಸ ಮತ್ತು ಓಟ ಎರಡೂ ಒಂದೇ ದಿನ ಬೇಡವೇ ಬೇಡ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಬೆವರು, ನಡುಕ, ಮಂಕು ಶುರುವಾಗುತ್ತದೆ, ಮತ್ತು ಓಡುತ್ತಿರುವವರಿಗೆ ಅದು ಓಟದ್ದೇ ಬೆವರೆಂದು ತೋರಿಬಿಡುವುದು ನಿಜವಾದ ಅಪಾಯ.

ಆರೋಗ್ಯವಾಗಿದ್ದರೆ 5 ಕಿ.ಮೀ.ಯನ್ನು ನಿಧಾನವಾಗಿ ಪೂರೈಸಲು ಹಿಂದಿನ ದಿನದ ಊಟವೇ ಸಾಕು. ಒಪ್ಪೊತ್ತಿನ ಊಟವನ್ನು ಮಧ್ಯಾಹ್ನಕ್ಕೇ ಮುಗಿಸುವ ರೂಢಿಯಿದ್ದರೆ, ಹಿಂದಿನ ದಿನ ಮಾತ್ರ ಅದನ್ನು ಸಂಜೆಗೆ ಸರಿಸಿಕೊಳ್ಳಬಹುದೇ ಎಂದು ಮನೆಯ ಹಿರಿಯರನ್ನು ಕೇಳಿ. ಹಾಲು, ಹಣ್ಣು ನಿಮ್ಮ ವ್ರತಕ್ಕೆ ಸಲ್ಲುವುದಾದರೆ ಓಟಕ್ಕೆ ಮುಕ್ಕಾಲು ಗಂಟೆ ಮೊದಲು ಒಂದು ಬಾಳೆಹಣ್ಣು ತಿನ್ನಿ. ಮುಗಿದ ಮೇಲೆ ಬೆಲ್ಲದ ಪಾನಕಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ನೀರನ್ನೂ ಬಿಡುವ ಉಪವಾಸವಾದರೆ ಆ ಬೆಳಿಗ್ಗೆ ಓಡಬೇಡಿ, ಸ್ವಯಂಸೇವಕಿಯಾಗಿ ಬನ್ನಿ; ಬಳಗಕ್ಕೆ ಕೈಗಳ ಕೊರತೆ ಯಾವಾಗಲೂ ಇದ್ದೇ ಇರುತ್ತದೆ.

ಪ್ರಶ್ನೆ: ಹಬ್ಬದ ಉಡುಗೆಯಲ್ಲಿ ಬಂದವರಿಗೆ ಬಹುಮಾನವಿದೆಯಂತೆ. ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಓಡಬೇಕೆಂಬ ಆಸೆ. ಎಡವಿ ಬೀಳುವ ಭಯ. — ಬ್ಯಾಂಕ್ ಉದ್ಯೋಗಿ, ಮೂಲತಃ ಬಾಗಲಕೋಟೆ

ಉತ್ತರ: ಉಡಿ, ಖಂಡಿತ ಉಡಿ. ಮಹಾರಾಷ್ಟ್ರದ ಲತಾ ಭಗವಾನ್ ಕರೆ ಅರವತ್ತು ದಾಟಿದ ವಯಸ್ಸಿನಲ್ಲಿ, ಗಂಡನ ಚಿಕಿತ್ಸೆಗೆ ಹಣ ಬೇಕಾಗಿ, ಒಂಬತ್ತು ಗಜದ ಸೀರೆಯುಟ್ಟು ಬರಿಗಾಲಿನಲ್ಲಿ ಓಡಿ ಬಾರಾಮತಿಯ ಓಟವನ್ನು ಗೆದ್ದವರು. ಕಚ್ಚೆಯಲ್ಲಿ ಎರಡು ಕಾಲೂ ಬೇರೆಬೇರೆ ಆಡುವುದರಿಂದ ನೆರಿಗೆಯ ಸೀರೆಗಿಂತ ಓಡಲು ಅದೇ ವಾಸಿ. ಪಾದದ ಗಂಟಿನಿಂದ ಒಂದು ಗೇಣು ಮೇಲಕ್ಕೆ ಉಟ್ಟು, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಪಿನ್ನುಗಳನ್ನು ಭುಜಕ್ಕೆ ಒಂದು, ಸೊಂಟಕ್ಕೆ ಒಂದು ಹಾಕಿ, ಹೊಟ್ಟೆಯ ಮುಂಭಾಗಕ್ಕೆ ಬೇಡ. ಬಾಗಿದಾಗ ಅದೇ ಚುಚ್ಚುತ್ತದೆ. ಒಳಗೆ ಮೊಣಕಾಲಿನವರೆಗಿನ ಬಿಗಿ ಚಡ್ಡಿ ಇರಲಿ, ತೊಡೆ ಮತ್ತು ಕಂಕುಳಿಗೆ ವ್ಯಾಸಲಿನ್ ಹಚ್ಚಿ, ಇಲ್ಲವಾದರೆ ನಾಲ್ಕನೆಯ ಕಿಲೋಮೀಟರಿನಲ್ಲಿ ಜರಿಯಂಚು ಗರಗಸವಾಗುತ್ತದೆ. ಓಟಕ್ಕೆ ಮೊದಲು ಇದೇ ಉಡುಗೆಯಲ್ಲಿ ಒಮ್ಮೆ ಕತ್ತಲಿರುವಾಗಲೇ ಎದ್ದು ಎರಡು ಕಿಲೋಮೀಟರ್ ಓಡಿ ನೋಡಿ.

ಶೂ ಮಾತ್ರ ಹಳೆಯದಿರಲಿ. ನನ್ನ ಮೊದಲ ದಸರಾ ಓಟಕ್ಕೆ, ಹಬ್ಬವೆಂದರೆ ಹೊಸದು ಎಂದುಕೊಂಡು, ಹಿಂದಿನ ಸಂಜೆ ಕೊಂಡ ಶೂ ತೊಟ್ಟು ಹೋಗಿದ್ದೆ. ಆರನೆಯ ಕಿಲೋಮೀಟರಿನಲ್ಲಿ ಹಿಮ್ಮಡಿಯ ಗುಳ್ಳೆ ಒಡೆದು ಬಿಳಿ ಕಾಲುಚೀಲ ಕೆಂಪಾಯಿತು. ಉಳಿದ ನಾಲ್ಕನ್ನು ಶೂಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಮುಗಿಸಿದೆ. ಆಯುಧಪೂಜೆಯ ದಿನ ನಮ್ಮತ್ತೆ ಅವಕ್ಕೂ ಕುಂಕುಮ ಇಟ್ಟರು.

ಪ್ರಶ್ನೆ: ಶುಲ್ಕ 500 ರೂಪಾಯಿ ಎಂದಿದ್ದಾರೆ. ಇದರಲ್ಲಿ ಶಾಲೆಗೆ ಎಷ್ಟು ಹೋಗುತ್ತದೆ? ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವುದೇ? — ನಿವೃತ್ತ ಅಧಿಕಾರಿ, ಕುವೆಂಪುನಗರ

ಉತ್ತರ: ಕೇಳಲೇಬೇಕಾದ ಪ್ರಶ್ನೆ, ಆದರೆ ಬಂದ ಪತ್ರಗಳಲ್ಲಿ ಇದನ್ನು ಕೇಳಿದವರು ನೀವೊಬ್ಬರೇ. ಪ್ರವೇಶ ಶುಲ್ಕವೇ ಬೇರೆ, ದೇಣಿಗೆಯೇ ಬೇರೆ. ನೀವು ಕೊಟ್ಟ ಐನೂರಕ್ಕೆ ಪ್ರತಿಯಾಗಿ ಅಂಗಿ, ಪದಕ, ಎದೆಯ ಮೇಲಿನ ಸಂಖ್ಯೆಯ ಚೀಟಿ (ಬಿಬ್), ಬೆಳಗಿನ ತಿಂಡಿ ಇವೆಲ್ಲ ನಿಮಗೆ ಸಿಗುತ್ತವೆ. ಜೊತೆಗೆ ಆಂಬುಲೆನ್ಸು, ಮೈಕು, ಶಾಮಿಯಾನದ ಬಾಡಿಗೆಯೂ ಅದರಿಂದಲೇ ಹೋಗಬೇಕು. ಹಿಂದೊಮ್ಮೆ ನಾನು ಖಜಾಂಚಿಗೆ ನೆರವಾಗಿದ್ದ ಓಟವೊಂದರಲ್ಲಿ, ಪ್ರಾಯೋಜಕರು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದದ್ದರಿಂದ, ಅಂಗಿ ಮತ್ತು ಪದಕದ ಬಿಲ್ಲು ತೀರಿಸುವಷ್ಟರಲ್ಲಿ ಪೆಟ್ಟಿಗೆ ಬರಿದಾಯಿತು. ಅನಾಥಾಲಯಕ್ಕೆ ಕೊಡುವ ಚೆಕ್ಕನ್ನು ನಾವು ಆರೇಳು ಜನ ನಮ್ಮ ಕೈಯಿಂದಲೇ ತುಂಬಿಸಿದೆವು. ಮೋಸ ಯಾರದೂ ಇರಲಿಲ್ಲ, ಲೆಕ್ಕ ಮೊದಲೇ ಹಾಕಿರಲಿಲ್ಲ ಅಷ್ಟೇ. ಅಂದಿನಿಂದ ಪದಕ ಬೇಡವೆಂದು ಬರೆದುಕೊಡುವ ಅವಕಾಶವನ್ನು ಅರ್ಜಿಯಲ್ಲೇ ಇಡಬೇಕೆಂದು ಹಟ ಹಿಡಿಯುತ್ತೇನೆ. ಕಪಾಟಿನಲ್ಲಿ ತೂಗುವ ಆರನೆಯ ತಗಡಿನ ಬಿಲ್ಲೆಗಿಂತ ಶಾಲೆಯ ನಲ್ಲಿಯೊಂದು ದೊಡ್ಡದು.

ಆದ್ದರಿಂದ ಬಳಗವನ್ನು ಮೂರು ಮಾತು ಕೇಳಿ. ಖರ್ಚನ್ನು ಪ್ರಾಯೋಜಕರು ಹೊರುತ್ತಾರೋ ಶುಲ್ಕದಿಂದ ಭರಿಸುತ್ತಾರೋ? ಹಣ ಯಾರ ಹೆಸರಿನ ಖಾತೆಗೆ ಬೀಳುತ್ತದೆ, ಬಳಗದ್ದೋ ಪದಾಧಿಕಾರಿಯೊಬ್ಬರ ಸ್ವಂತದ್ದೋ? ಓಟ ಮುಗಿದ ಎಷ್ಟು ದಿನದಲ್ಲಿ ಜಮಾಖರ್ಚನ್ನು ಎಲ್ಲರಿಗೂ ತೋರಿಸುತ್ತಾರೆ? ಸ್ವಂತ ಖಾತೆಗೆ ಯುಪಿಐ ಮಾಡಿ ಎಂದರೆ, ಕೇಳಿದವರು ಎಷ್ಟೇ ಸಜ್ಜನರಾಗಿರಲಿ, ನಯವಾಗಿ ನಿರಾಕರಿಸಿ.

ತೆರಿಗೆಯ ವಿಷಯಕ್ಕೆ ಬಂದರೆ, ನಾವೆಲ್ಲ 80ಜಿ ಎಂದು ಕರೆದು ರೂಢಿಯಾದ ವಿನಾಯಿತಿ ದೊರೆಯುವುದು ಅದಕ್ಕೆಂದು ಆದಾಯ ತೆರಿಗೆ ಇಲಾಖೆಯಲ್ಲಿ ಅನುಮೋದನೆ ಪಡೆದ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಮಾತ್ರ. ಅಂಗಿ, ತಿಂಡಿ ಪಡೆದು ಕೊಟ್ಟ ಶುಲ್ಕವನ್ನು ದೇಣಿಗೆ ಎಂದು ತೋರಿಸುವಂತಿಲ್ಲ. ಶುಲ್ಕದ ಮೇಲೆ ಪ್ರತ್ಯೇಕವಾಗಿ ಕೊಡುವ ಹಣಕ್ಕೆ ಪ್ರತ್ಯೇಕ ರಸೀದಿಯನ್ನೂ ಸಂಸ್ಥೆಯ ದೇಣಿಗೆ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ. 2,000 ರೂಪಾಯಿ ಮೀರಿದ್ದನ್ನು ನಗದಾಗಿ ಕೊಟ್ಟರೆ ವಿನಾಯಿತಿಯಿಲ್ಲ. ಬೆಂಚು, ಪುಸ್ತಕ ಮುಂತಾಗಿ ವಸ್ತುರೂಪದಲ್ಲಿ ಕೊಟ್ಟದ್ದಕ್ಕೂ ಇಲ್ಲ. ನೀವು ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡಿದ್ದರೆ ಈ ಚರ್ಚೆಯೇ ಮುಗಿಯಿತು, ಅಲ್ಲಿ ಈ ವಿನಾಯಿತಿ ಇಲ್ಲ.

ಪ್ರಶ್ನೆ: ನನ್ನ ಅಣ್ಣ ಬ್ರಿಟನ್ನಿನ ಪೌರತ್ವ ಪಡೆದು ಅಲ್ಲಿಯೇ ನೆಲೆಸಿದ್ದಾನೆ. ತಾನು ಡಿಸೆಂಬರಿನಲ್ಲಿ ಸಾಂಟಾ ವೇಷ ಹಾಕಿ ಅಲ್ಲಿನ ಓಟದಲ್ಲಿ ದೇಣಿಗೆ ಕೂಡಿಸುತ್ತಾನಂತೆ. ನಾನು ಓದಿದ ಶಾಲೆ ಅವನದೂ ಆದ್ದರಿಂದ ಈ ಬಾರಿ ನಮ್ಮ ಓಟಕ್ಕೆ ಹಣ ಕಳಿಸುತ್ತೇನೆ ಎನ್ನುತ್ತಾನೆ. — ಓದುಗಿ, ಹುಣಸೂರು

ಉತ್ತರ: ಅಣ್ಣನ ಮನಸ್ಸು ದೊಡ್ಡದು, ಆದರೆ ಹಣ ಕಳಿಸುವ ಮುನ್ನ ತುಸು ತಡೆಯಲಿ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ, ವಿದೇಶಿ ಪೌರರಿಂದ ದೇಣಿಗೆ ಪಡೆಯಲು ಇಲ್ಲಿನ ಸಂಸ್ಥೆ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಹೊಂದಿರಬೇಕು. ಅವನು ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡ ಅನಿವಾಸಿಯಾಗಿದ್ದರೆ, ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಎನಿಸುತ್ತಿರಲಿಲ್ಲ. ಪೌರತ್ವ ಬದಲಾದ ಮೇಲೆ, ಸಾಗರೋತ್ತರ ಭಾರತೀಯ ಎಂಬ ಕಾರ್ಡು ಇದ್ದರೂ, ಅದು ವಿದೇಶಿ ದೇಣಿಗೆಯೇ. ಓಟಗಾರರ ಸಣ್ಣ ಬಳಗಗಳಿಗೆ ಈ ನೋಂದಣಿ ಇರುವುದು ಅಪರೂಪ. ನಿಮ್ಮ ಖಾತೆಗೆ ಹಾಕಿಸಿಕೊಂಡು ನಿಮ್ಮ ಹೆಸರಿನಲ್ಲಿ ಬಳಗಕ್ಕೆ ದಾಟಿಸುವ ಒಳದಾರಿಯನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಸರ್ಕಾರಿ ಶಾಲೆಗಳ ಕೆಲಸ ಮಾಡುವ, ನೋಂದಣಿಯುಳ್ಳ ಸಂಸ್ಥೆಯೊಂದನ್ನು ಅವನೇ ಹುಡುಕಿ ನೇರವಾಗಿ ಅದಕ್ಕೆ ಕೊಡಲಿ. ಅವನ ಅಲ್ಲಿನ ಓಟದ ದೇಣಿಗೆಯನ್ನು ಅಲ್ಲಿನ ನೋಂದಾಯಿತ ಸಂಸ್ಥೆಗೇ ಕೊಡುವುದರಲ್ಲಿ ಲಾಭವೂ ಇದೆ: ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಎಂಬ ಪತ್ರಕ್ಕೆ ಒಪ್ಪಿಗೆ ಕೊಟ್ಟರೆ, ಒಂದು ಪೌಂಡಿನ ದೇಣಿಗೆಗೆ ಸಂಸ್ಥೆಯು ಸರ್ಕಾರದಿಂದ ಇನ್ನೂ 25 ಪೆನ್ಸ್ ಪಡೆಯುತ್ತದೆ. ಅಲ್ಲಿಯೂ ಪ್ರವೇಶ ಶುಲ್ಕಕ್ಕೆ ಇದು ಅನ್ವಯಿಸದು.

ಪ್ರಶ್ನೆ: ಗೆಳೆಯನಿಗೆ ಆ ದಿನ ಊರಿನಲ್ಲಿ ಗೊಂಬೆ ಆರತಿಗೆ ಹೋಗಬೇಕಾಗಿದೆ. ಅವನ ಹೆಸರಿನ ಬಿಬ್ ಹಾಕಿಕೊಂಡು ನಾನು ಓಡಬಹುದೇ? — ವಿದ್ಯಾರ್ಥಿ, ಮಾನಸಗಂಗೋತ್ರಿ

ಉತ್ತರ: ಬೇಡ. ಬಿಬ್ಬಿನ ಹಿಂಬದಿಯಲ್ಲಿ ಅವನ ರಕ್ತದ ಗುಂಪು, ಅವನ ಮನೆಯವರ ದೂರವಾಣಿ ಸಂಖ್ಯೆ ಇರುತ್ತದೆ. ನೀವು ಕುಸಿದು ಬಿದ್ದರೆ ಆಂಬುಲೆನ್ಸಿನವರು ಕರೆ ಮಾಡುವುದು ಆರತಿ ನಡೆಯುತ್ತಿರುವ ಆ ಮನೆಗೆ. ಹೆಸರು ಬದಲಾಯಿಸಿಕೊಡಲು ಬಳಗದವರನ್ನೇ ಕೇಳಿ, ವಾರ ಮೊದಲು ಹೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಒಪ್ಪದಿದ್ದರೆ ಗೆಳೆಯನ ಶುಲ್ಕ ಶಾಲೆಗೇ ಹೋಯಿತೆಂದುಕೊಂಡು, ನಿಮ್ಮ ಹೆಸರಿನಲ್ಲಿ ಬೇರೆ ಅರ್ಜಿ ತುಂಬಿ.