ಪ್ರತಿ: ಸೌದಿಗೆ ಬರೆದ ಪತ್ರದ ನಕಲು ‘ಗೌಪ್ಯ’ ಅಂತ ಕೊಡಲಿಲ್ಲ, ಏನು ಮಾಡಲಿ?

ನಿಮ್ಮ ತಮ್ಮನ ಬಾಕಿ ಸಂಬಳದ ಬಗ್ಗೆ ನಮ್ಮ ರಾಯಭಾರ ಕಚೇರಿಯಿಂದ ಸೌದಿಗೆ ಹೋದ ಪತ್ರ, ಅಲ್ಲಿಂದ ಬಂದ ಪತ್ರ ಎರಡನ್ನೂ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಒಟ್ಟಿಗೆ ಕೇಳಿದ್ದೀರಿ. ಅದಕ್ಕೇ ಪೂರ್ತಿ ನಿರಾಕರಿಸಿರಬೇಕು. ಮಾಹಿತಿ ಹಕ್ಕು ಕಾಯ್ದೆಯ 8(1)(ಎಫ್) ವಿದೇಶಿ ಸರ್ಕಾರ ಗುಟ್ಟಾಗಿ ಕೊಟ್ಟ ಮಾಹಿತಿಗೆ ಮಾತ್ರ. ನಮ್ಮ ರಾಯಭಾರ ಕಚೇರಿ ಬರೆದದ್ದು ಬೇರೆ, ಅಲ್ವಾ?

ಮೊದಲು ಉತ್ತರದಲ್ಲಿ ಯಾವ ಕಲಂ ಹಾಕಿದ್ದಾರೆ ನೋಡಿ. ಸುಮ್ನೆ ‘ಗೌಪ್ಯ’ ಅಂದರೆ ಸಾಲದು, ಕಾರಣ ಕೊಡಲೇಬೇಕು. ಉತ್ತರ ಕೈಸೇರಿದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಕಲಂ 10ರಂತೆ ಗುಟ್ಟಿನ ಸಾಲು ಮುಚ್ಚಿ ಉಳಿದದ್ದು ಕೊಡಿ ಅಂತ ಬರೆಯಿರಿ. ಪತ್ರಗಳ ತಾರೀಖು ಬೇರೆಯಾಗಿ ಕೇಳಿ. ಬೀದರಿನ ನಮ್ಮ ಭಾವನಿಗೆ ಬಂದ ಹಾಳೆಯಲ್ಲಿ ಅರ್ಧ ಕಪ್ಪು ಮಸಿಯೇ ಇತ್ತು, ಆದರೂ ಪತ್ರ ಹೋದ ತಾರೀಖು ಕಾಣುತ್ತಿತ್ತು. ಅದೇ ಜಾಸ್ತಿ ಉಪಯೋಗಕ್ಕೆ ಬಂತು.

ವಿದೇಶ ಸಂಬಂಧ ಕೆಡುತ್ತದೆ ಅಂತ 8(1)(ಎ) ಹಿಡಿದಿದ್ದರೆ ಕಷ್ಟ, ಎಲ್ಲವೂ ಸಿಗುತ್ತದೆ ಅನ್ನಲಾರೆ. ಕಲಬುರಗಿ ಮುಖ್ಯ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.